ವಸ್ತಿ ಬಸ್ಸಿನ ಕೌದಿ

ನಮ್ಮ ಮನೆಯ ಜೋಳದ ಹಿಟ್ಟಿನ ಡಬ್ಬಿಯೊಳಗೆ ಅಳತೆಯ ಬಟ್ಟಲು ಅಂತ ಎಂದೂ ಇರಲಿಲ್ಲ. ಕೈಯೇ ಅಳತೆ. ಆರು ಸೆರೆ ಹಿಟ್ಟು, ಆರು ರೊಟ್ಟಿ. ನಾಲ್ಕು ಯಜಮಾನರಿಗೆ, ಎರಡು ನನಗೆ. ಮಕ್ಕಳು ಮನೆಯಲ್ಲಿದ್ದಾಗ ಲೆಕ್ಕ ಏರಿತ್ತು, ಮಗ ಪುಣೆಗೆ ಹೋಗಿ ಮಗಳು ಹುಬ್ಬಳ್ಳಿಗೆ ಮದುವೆಯಾಗಿ ಹೋದ ಮೇಲೆ ಮತ್ತೆ ಆರಕ್ಕೇ ಬಂದು ನಿಂತಿತ್ತು.

2019ರ ಆಗಸ್ಟ್‌ನಲ್ಲಿ ಅವರು ತೀರಿಕೊಂಡರು. ಬಂದ ಬೀಗರೆಲ್ಲ ಊರು ಸೇರಿ ಮನೆ ಖಾಲಿಯಾದ ಮೊದಲ ಬೆಳಿಗ್ಗೆ ರೊಟ್ಟಿಗೆ ಕೂತೆ. ಎಸರು ಕುದಿಯಿತು, ಹಿಟ್ಟು ನಾದಿದೆ, ಬಡಿದೆ, ಹಂಚಿನ ಮೇಲೆ ಹಾಕಿ ನೀರು ಸವರಿದೆ. ಕೊನೆಗೆ ಬುಟ್ಟಿಯಲ್ಲಿ ನೋಡಿದರೆ ಆರು. ಒಬ್ಬಳಿಗೆ ಎರಡು ಸಾಕು ಎಂಬುದು ತಲೆಗೆ ಗೊತ್ತಿತ್ತು, ಕೈಗೆ ಯಾರೂ ಹೇಳಿರಲಿಲ್ಲ.

ಚಪಾತಿಯಾದರೆ ಉಳಿದ ಕಣಕವನ್ನು ಸಂಜೆಗೆ ಇಡಬಹುದು. ಜೋಳದ ಹಿಟ್ಟು ಆ ಸವಲತ್ತು ಕೊಡುವುದಿಲ್ಲ. ಗೋಧಿಯಲ್ಲಿರುವ ಜಿಗುಟು ಜೋಳದಲ್ಲಿ ಇಲ್ಲ. ಕುದಿಯುವ ನೀರು ಬಿದ್ದು ಹಿಟ್ಟು ಅರೆಬೆಂದು ಅಂಟು ಬಂದರೆ ಮಾತ್ರ ರೊಟ್ಟಿ ಸೀಳದೆ ಅಗಲವಾಗುತ್ತದೆ, ಆ ಅಂಟು ಹೆಚ್ಚು ಹೊತ್ತು ನಿಲ್ಲುವುದಿಲ್ಲ. ನಾದಿದ್ದನ್ನು ಆಗಲೇ ಬಡಿಯಬೇಕು, ಬಡಿದಿದ್ದನ್ನು ಆಗಲೇ ಬೇಯಿಸಬೇಕು. ಹೀಗೆ ದಿನಕ್ಕೆ ನಾಲ್ಕು ರೊಟ್ಟಿ ಉಳಿದವು. ಒಣಗಿಸಿ ಕಡಕ್ ಮಾಡಿ ಪೇರಿಸಿಟ್ಟೆ. ದಸರೆ ಹೊತ್ತಿಗೆ ಬಿದಿರು ಬುಟ್ಟಿ ತುಂಬಿ ಅದರ ಮೇಲೊಂದು ಗುಡ್ಡ. ನನ್ನ ದುಃಖದ ಎತ್ತರ ಎಷ್ಟು ಅಂತ ಯಾರಾದರೂ ಆಗ ಕೇಳಿದ್ದರೆ ಆ ಬುಟ್ಟಿ ತೋರಿಸಬಹುದಿತ್ತು. ಯಾರೂ ಕೇಳಲಿಲ್ಲ. ಎಲ್ಲರೂ ಹೇಳಲಿಕ್ಕೇ ಬರುತ್ತಿದ್ದರು.

ನಮ್ಮ ಮನೆಯವರು ಬಸ್ ಡ್ರೈವರ್. ಕೆಲಸಕ್ಕೆ ಸೇರಿದ್ದು 1979ರಲ್ಲಿ, ಆಗ ಇಡೀ ರಾಜ್ಯಕ್ಕೆ ಒಂದೇ ಕೆಎಸ್‌ಆರ್‌ಟಿಸಿ. 1997ರ ನವೆಂಬರ್ 1ರಂದು ನಮ್ಮ ಕಡೆಗೆ ಬೇರೆಯೇ ವಾಯವ್ಯ ಕರ್ನಾಟಕ ರಸ್ತೆ ಸಾರಿಗೆ ಸಂಸ್ಥೆಯಾಯಿತು. ಬಸ್ಸಿನ ಮೇಲಿನ ಹೆಸರು ಬದಲಾಯಿತು, ಅವರ ಮೈಮೇಲಿನ ಖಾಕಿ ಬದಲಾಗಲಿಲ್ಲ. 2013ರಲ್ಲಿ ನಿವೃತ್ತರಾಗುವವರೆಗೆ ಬಹಳ ವರ್ಷ ಅವರು ಓಡಿಸಿದ್ದು ವಸ್ತಿ ಬಸ್ಸು. ಗೊತ್ತಿಲ್ಲದವರಿಗೆ ಹೇಳುತ್ತೇನೆ: ಸಂಜೆ ಪಟ್ಟಣದಿಂದ ಹೊರಟು ಕೊನೆಯ ಹಳ್ಳಿಯಲ್ಲಿ ರಾತ್ರಿ ನಿಲ್ಲುವ ಬಸ್ಸು ಅದು. ಬೆಳಿಗ್ಗೆ ಆರಕ್ಕೆ ಹಾಲಿನ ಕ್ಯಾನು, ಕಾಯಿಪಲ್ಯದ ಬುಟ್ಟಿ, ಹೈಸ್ಕೂಲು ಮಕ್ಕಳನ್ನು ತುಂಬಿಕೊಂಡು ಅದೇ ದಾರಿಯಲ್ಲಿ ತಿರುಗಿ ಬರುತ್ತದೆ. ಇವರದು ಸವದತ್ತಿ ತಾಲ್ಲೂಕಿನ ಒಂದು ಹಳ್ಳಿ. ರಾತ್ರಿ ಮಲಗುವುದು ಬಸ್ಸಿನಲ್ಲೇ, ಹಿಂದಿನ ಉದ್ದನೆಯ ಸೀಟಿನ ಮೇಲೆ.

ಆ ಸೀಟಿಗೆಂದೇ ನಾನು ಮೊದಲ ಸಲ ಕೌದಿ ಹೊಲಿದದ್ದು. ಮದುವೆಯಾಗಿ ಎರಡನೇ ವರ್ಷ. ಅಗಲ ಕಡಿಮೆ, ಉದ್ದ ಹೆಚ್ಚು. ಸುರುಳಿ ಸುತ್ತಿ ಬುತ್ತಿಚೀಲದ ಜೊತೆ ಹೆಗಲಿಗೆ ಹಾಕಿಕೊಳ್ಳುವ ಹಾಗೆ. "ಬರ್ತೇನಿ, ಚಿಲಕಾ ಹಾಕ್ಕೋ" ಎಂದು ಹೊರಟರೆ ಮರುದಿನ ಎಂಟೂವರೆಗೆ ಬಾಗಿಲು ಬಡಿಯುತ್ತಿದ್ದರು. ನಾನು ಪ್ರಾಥಮಿಕ ಶಾಲೆಯಲ್ಲಿ ಶಿಕ್ಷಕಿ, ಹತ್ತು ಗಂಟೆಗೆ ಶಾಲೆ. ನಮ್ಮ ಸಂಸಾರದ ಬಹುಪಾಲು ಮಾತು ಆ ಒಂದೂವರೆ ಗಂಟೆಯಲ್ಲೇ ನಡೆದದ್ದು. ಹಾಗಾಗಿ ಅವರು ಹೋದಾಗ, ರಾತ್ರಿ ಒಬ್ಬಳೇ ಮಲಗುವುದು ನನಗೇನು ಹೊಸದಲ್ಲ ಅಂದುಕೊಂಡಿದ್ದೆ. ರಾತ್ರಿಗಳು ನಿಜಕ್ಕೂ ಕಷ್ಟವಾಗಲಿಲ್ಲ. ಎಂಟೂವರೆ ಕಷ್ಟವಾಯಿತು.

ಅವರು ತೀರಿಕೊಂಡ ವಾರದ ಮಳೆ ಈ ಕಡೆಯವರಿಗೆ ಯಾರಿಗೂ ಮರೆಯುವಂಥದ್ದಲ್ಲ. ಮಲಪ್ರಭೆ ದಂಡೆ ಮೀರಿತ್ತು, ಕೊಲ್ಲಾಪುರದ ಹತ್ತಿರ ಪುಣೆಯ ಹೆದ್ದಾರಿಯೇ ನೀರಿನಲ್ಲಿ ಮುಳುಗಿತ್ತು. ಮಗ ಸೊಲ್ಲಾಪುರದ ಕಡೆಯಿಂದ ಸುತ್ತು ಹಾಕಿ ಬರುವಷ್ಟರಲ್ಲಿ ಎರಡು ದಿನ. ಮಣ್ಣು ಆಗಿ ಹೋಗಿತ್ತು. ಜೀವನಪೂರ್ತಿ ಜನರನ್ನು ಹೊತ್ತಿಗೆ ಸರಿಯಾಗಿ ಊರು ಮುಟ್ಟಿಸಿದವರ ಮಗ ತಾನೇ ಹೊತ್ತಿಗೆ ಮುಟ್ಟಲಿಲ್ಲ ಎಂದು ಅವನು ಈಗಲೂ ಅನ್ನುತ್ತಾನೆ. ನೀರಿನ ಜೊತೆ ಜಗಳ ಆಡಲಿಕ್ಕೆ ಆಗುವುದಿಲ್ಲ.

ಸಂತಾಪಕ್ಕೆ ಬಂದವರಲ್ಲಿ ನನಗೆ ಹಿತವೆನಿಸಿದ್ದು ಸುಮ್ಮನೆ ಕೂತು ಚಹಾ ಕುಡಿದು ಎದ್ದು ಹೋದವರು. ಉಳಿದವರು ನನ್ನ ಮುಖ ಓದುತ್ತಿದ್ದರು. ಮೂರನೇ ತಿಂಗಳಿರಬೇಕು, ಬಾಗಿಲಿಗೆ ಬಂದ ಸೊಪ್ಪಿನವಳು ತನ್ನ ಗಂಡನ ಬಗ್ಗೆ ಏನೋ ಅಂದಳು. ನಾನು ಗಟ್ಟಿಯಾಗಿ ನಕ್ಕೆ. ಎದುರಿನ ಮನೆಯ ಕಟ್ಟೆಯ ಮೇಲೆ ಕೂತಿದ್ದವರು ಅಕ್ಕಿ ಆರಿಸುತ್ತಿದ್ದ ಕೈ ನಿಲ್ಲಿಸಿ ನೋಡಿದರು. ಬೈಯಲಿಲ್ಲ, ಬರೀ ನೋಡಿದರು. ಮೆಂತ್ಯೆಸೊಪ್ಪು ಹಿಡಿದು ಒಳಗೆ ಬಂದೆ. ಗಂಡ ಸತ್ತವಳು ಅತ್ತರೆ ಸಮಾಧಾನ ಹೇಳಲಿಕ್ಕೆ ಹತ್ತು ಜನ ಬರುತ್ತಾರೆ. ನಕ್ಕರೆ ಏನು ಮಾಡಬೇಕು ಅಂತ ನಮ್ಮ ಜನಕ್ಕೆ ಯಾರೂ ಕಲಿಸಿಲ್ಲ.

ಆಪ್ತ ಸಮಾಲೋಚಕಿಯಾಗಿರುವ ತಂಗಿಯ ಮಗಳು ಒಂದು ಭಾನುವಾರ ಬಂದು ದುಃಖಕ್ಕೆ ಐದು ಹಂತ ಎಂದು ಜನ ಹೇಳುವುದನ್ನು ನನಗೆ ಬಿಡಿಸಿ ಹೇಳಿದಳು. ನಿರಾಕರಣೆಯಿಂದ ಶುರುವಾಗಿ ಒಪ್ಪಿಕೊಳ್ಳುವುದರಲ್ಲಿ ಮುಗಿಯುವ ಆ ಐದನ್ನು ಎಲಿಸಬೆತ್ ಕ್ಯೂಬ್ಲರ್-ರಾಸ್ ಎಂಬ ವೈದ್ಯೆ 1969ರಲ್ಲಿ ಬರೆದದ್ದಂತೆ. ಆದರೆ ಆಕೆ ನೋಡಿದ್ದು ಸಾಯುತ್ತಿದ್ದ ರೋಗಿಗಳನ್ನು. ಹಿಂದೆ ಉಳಿದವರಿಗೆ ಅದನ್ನು ಅಂಟಿಸಿದ್ದು ಆಮೇಲೆ. 1999ರಲ್ಲಿ ಮಾರ್ಗರೆಟ್ ಸ್ಟ್ರೋಬ್ ಮತ್ತು ಹೆಂಕ್ ಶುಟ್ ಎಂಬ ಇಬ್ಬರು ಬೇರೆ ರೀತಿ ಹೇಳಿದರು: ಮನುಷ್ಯ ಕಳಕೊಂಡದ್ದರ ಕಡೆಗೂ ಮುಂದಿನ ಬದುಕಿನ ಕಡೆಗೂ ಹೋಗಿ ಬಂದು ಮಾಡುತ್ತಿರುತ್ತಾನೆ, ಒಂದೇ ದಿನದಲ್ಲಿ ಹತ್ತು ಸಲ, ದುಃಖದಿಂದ ಆಗಾಗ ರಜೆ ತೆಗೆದುಕೊಳ್ಳುವುದೂ ಅದರದೇ ಭಾಗ. "ಅಂದ್ರ ವಸ್ತಿ ಬಸ್ಸಿನಂಗ" ಅಂದೆ. ಅವಳು ನಕ್ಕಳು. ಸೊಪ್ಪಿನವಳ ಹತ್ತಿರ ನಕ್ಕದ್ದು ನನ್ನ ಹಕ್ಕಿನ ರಜೆ ಎಂದು ಆವತ್ತು ಬರೆದುಕೊಂಡೆ.

ಇದೆಲ್ಲ ತಿಳಿದರೂ ರೊಟ್ಟಿ ಮಾತ್ರ ಆರೇ ಆಗುತ್ತಿದ್ದವು.

2020ರ ಮಾರ್ಚ್‌ನಲ್ಲಿ ಮಗ, ಸೊಸೆ, ಏಳು ವರ್ಷದ ಮೊಮ್ಮಗಳು ಯುಗಾದಿಗೆಂದು ಬಂದವರು ಲಾಕ್‌ಡೌನ್ ಆಗಿ ಇಲ್ಲೇ ಉಳಿದುಬಿಟ್ಟರು. ಸೊಸೆ ಪುಣೆಯ ಮರಾಠಿ ಹುಡುಗಿ. ಮೊಮ್ಮಗಳಿಗೆ ಒಂದು ಸಮಸ್ಯೆಯಿತ್ತು. ನಮ್ಮಲ್ಲಿ ಅಜ್ಜಿಗೆ ಆಯಿ ಅನ್ನುತ್ತೇವೆ, ಮರಾಠಿಯಲ್ಲಿ ತಾಯಿಗೆ ಆಯಿ. ಅವಳು ಕೂಗಿದಾಗ ಇಬ್ಬರೂ ಓ ಅನ್ನುತ್ತಿದ್ದೆವು. ಕೊನೆಗೆ ನಾನು "ರೊಟ್ಟಿ ಆಯಿ" ಆದೆ. ಬುಟ್ಟಿಯ ಗುಡ್ಡವನ್ನು ಮೊದಲು ಕರಗಿಸಿದವಳು ಅವಳೇ. ಕಡಕ್ ರೊಟ್ಟಿಯನ್ನು ಕೈಯಲ್ಲಿ ಪುಡಿಮಾಡಿ, ಎಣ್ಣೆಯಲ್ಲಿ ಸಾಸಿವೆ, ಬೆಳ್ಳುಳ್ಳಿ, ಉಳ್ಳಾಗಡ್ಡಿ ಹಾಕಿ ಒಗ್ಗರಣೆ ಕೊಟ್ಟು, ನೀರು ಚಿಮುಕಿಸಿ ಮುಚ್ಚಿಟ್ಟರೆ ಐದು ನಿಮಿಷಕ್ಕೆ ಮೆತ್ತಗಾಗುತ್ತದೆ. ಮೇಲೆ ಶೇಂಗಾ ಹಿಂಡಿ, ಮೊಸರು. ಅವಳಿಗೆ ದಿನಾ ಅದೇ ಬೇಕು. ಒಂದು ದಿನ ಬುಟ್ಟಿಯ ತಳ ಕಂಡಿತು. ಅವಳು ಬುಟ್ಟಿ ತಲೆಯ ಮೇಲೆ ಹಾಕಿಕೊಂಡು ಮನೆ ತುಂಬ ಓಡಿದಳು. ನಾನು ಅಡುಗೆಮನೆಯಲ್ಲಿ ನಿಂತು ಒಂದಿಷ್ಟು ಅತ್ತೆ, ಆಮೇಲೆ ಹಿಟ್ಟು ತೆಗೆದೆ. ಹನ್ನೆರಡು ಸೆರೆ.

ಅಡುಗೆಮನೆಯಲ್ಲಿ ಸೊಸೆಗೂ ನನಗೂ ಸಣ್ಣ ಯುದ್ಧವೂ ನಡೆಯಿತೆನ್ನಿ. ಆಕೆ ಬೇಳೆಗೆ ಬೆಲ್ಲ ಹಾಕುತ್ತಾಳೆ. ಪುಂಡಿಪಲ್ಯಕ್ಕೂ ಬೆಲ್ಲ ಹಾಕಹೊರಟಾಗ ಕೈ ಹಿಡಿದೆ. ಪುಂಡಿಯ ಹುಳಿಯನ್ನು ಪಳಗಿಸಬಾರದು. ಅದಕ್ಕೆ ಜೋಳದ ನುಚ್ಚು, ಹಸಿಮೆಣಸು, ಬೆಳ್ಳುಳ್ಳಿ ಸಾಕು. ಎಣ್ಣೆಗಾಯಿಯಲ್ಲಿ ನಾನು ಸೋತೆ. ಗುರೆಳ್ಳಿನ ಜೊತೆ ಒಂದು ಚೂರು ಬೆಲ್ಲ ಬಿದ್ದರೆ ಬದನೆಕಾಯಿಗೆ ಒಳ್ಳೆಯದೇ. ಇದನ್ನು ಬರವಣಿಗೆಯಲ್ಲಿ ಒಪ್ಪುತ್ತಿರುವುದು ಇದೇ ಮೊದಲು.

ಏಪ್ರಿಲ್‌ನ ಒಂದು ಮಧ್ಯಾಹ್ನ ಸೊಸೆ ಅಟ್ಟದ ಟ್ರಂಕು ತೆಗೆದಳು. ಅವರ ಖಾಕಿ ಅಂಗಿ ನಾಲ್ಕು, ಧೋತರ ಎರಡು, ನನ್ನ ಅತ್ತೆಯ ಹಳೆಯ ಇಳಕಲ್ ಸೀರೆ. ಅವುಗಳ ಅಡಿಯಲ್ಲಿ ಆ ವಸ್ತಿ ಕೌದಿ. ಮೂವತ್ತು ವರ್ಷ ಸವೆದು ಅದು ಜೇಡರಬಲೆಯ ಹಾಗಾಗಿತ್ತು. ಸೊಸೆ ಅದನ್ನು ಮೂಗಿಗೆ ಹಿಡಿದು "ಅತ್ತಿ, ಇದು ನಮ್ಮ ಆಜಿಯ ಗೋಧಡಿ!" ಅಂದಳು.

ನಮ್ಮ ಕೌದಿ, ಮರಾಠಿಗರ ಗೋಧಡಿ, ಬಂಗಾಳದ ಕಾಂಥಾ, ಬಿಹಾರದ ಸುಜನಿ, ಸಿಂಧಿನ ರಲ್ಲಿ ಎಲ್ಲವೂ ಒಂದೇ ಬಡತನದ ಮಕ್ಕಳು. ಹರಿದ ಬಟ್ಟೆಯನ್ನು ಒಂದರ ಮೇಲೊಂದು ಹಾಸಿ ಸಾಲು ಹೊಲಿಗೆಯಿಂದ ಹಿಡಿದಿಡುವುದು. ಒಂದು ದಪ್ಪ ಬಟ್ಟೆಗಿಂತ ನಾಲ್ಕು ತೆಳು ಬಟ್ಟೆ ಬೆಚ್ಚಗಿರುತ್ತದೆ, ಯಾಕೆಂದರೆ ಪದರಗಳ ನಡುವೆ ಗಾಳಿ ಸಿಕ್ಕಿಹಾಕಿಕೊಂಡು ಅಲ್ಲಾಡದೆ ನಿಲ್ಲುತ್ತದೆ. ಬೆಚ್ಚಗಿಡುವುದು ಆ ನಿಂತ ಗಾಳಿ. ನಾನು ಸಣ್ಣವಳಿದ್ದಾಗ, ಜಮಖಾನಕ್ಕೆ ಹೆಸರಾದ ನವಲಗುಂದದ ಹತ್ತಿರದ ನಮ್ಮೂರಿಗೆ ಸುಗ್ಗಿ ಮುಗಿದ ಮೇಲೆ ಗೊಂಧಳಿ ಹೆಣ್ಣುಮಕ್ಕಳು ಕೌದಿ ಹೊಲಿಯಲು ಬರುತ್ತಿದ್ದರು. ಕೂಲಿ ಜೋಳ, ಜೊತೆಗೆ ಮಧ್ಯಾಹ್ನದ ಊಟ. ನಮ್ಮವ್ವ ಅವರ ಪಕ್ಕ ಕೂತು ಕಲಿತಳು, ಅವಳ ಪಕ್ಕ ಕೂತು ನಾನು.

ಟ್ರಂಕಿನ ಬಟ್ಟೆಗಳನ್ನು ಹರಡಿಕೊಂಡು ಹೊಸ ಕೌದಿಗೆ ಕೂತೆ. ಹೊಲಿಯುವುದಕ್ಕಿಂತ ಆರಿಸುವ ಕೆಲಸ ದೊಡ್ಡದು. ಅರಳೆಯ ಬಟ್ಟೆಯೇ ಆಗಬೇಕು. ಪಾಲಿಯೆಸ್ಟರ್ ಜಾರುತ್ತದೆ, ಸೂಜಿಗೆ ಎದುರು ನಿಲ್ಲುತ್ತದೆ, ಬೆವರು ಹೀರುವುದಿಲ್ಲ. ಎಲ್ಲ ತೊಳೆದು, ಬಿಸಿಲಿಗೆ ಹಾಕಿ, ಗುಂಡಿ, ಹುಕ್ಕು ಬಿಚ್ಚಬೇಕು. ಅಡಿಗೆ ಇಡೀ ಧೋತರ, ನಡುವೆ ಹರಕು, ಮೇಲೆ ಬಣ್ಣದ ತುಂಡು. ನೆಲದ ಮೇಲೆ ಹಾಸಿ ಸುಕ್ಕು ತೆಗೆದು ದೊಡ್ಡ ದೊಡ್ಡ ಕಚ್ಚಾ ಟಾಕಿ ಹಾಕಿ ಹಿಡಿದುಕೊಳ್ಳಬೇಕು. ಆಮೇಲೆ ಒಂದು ಮೂಲೆಯಿಂದ ಶುರುಮಾಡಿ ಅಂಚಿಗುಂಟ ಸುತ್ತು ಬಂದು, ಅದರ ಒಳಗೆ ಇನ್ನೊಂದು ಸುತ್ತು, ಹೀಗೆ ನಡುವಿನ ತನಕ. ದಾರ ಮೊಳಕ್ಕಿಂತ ಉದ್ದ ಬೇಡ, ಗಂಟಾಗುತ್ತದೆ. ಜೇನುಮೇಣದ ಮೇಲೆ ಒಮ್ಮೆ ಎಳೆದರೆ ಸಲೀಸು. ಅಂಗುಸ್ತಾನ ನನ್ನ ಬೆರಳಿಗೆ ಒಗ್ಗುವುದಿಲ್ಲ, ಸೈಕಲ್ ಟ್ಯೂಬಿನ ಒಂದು ತುಂಡು ಸುತ್ತಿಕೊಳ್ಳುತ್ತೇನೆ. ಒಂದು ಸಲಕ್ಕೆ ಐದಾರು ಟಾಕಿ ಸೂಜಿಗೆ ಏರಿಸಿ ಎಳೆದಾಗ ದಾರ ಬಟ್ಟೆಯೊಳಗೆ ಸರಿಯುವ ಸಣ್ಣ ಸದ್ದು ಬರುತ್ತದೆ. ಮಧ್ಯಾಹ್ನದ ಹೊತ್ತು, ಫ್ಯಾನು ನಿಂತಿದ್ದರೆ ಮಾತ್ರ ಕೇಳುತ್ತದೆ.

ಮೇಷ್ಟ್ರ ಬುದ್ಧಿ ಹೋಗುವುದಿಲ್ಲ. ಆರಡಿ ಉದ್ದ, ನಾಲ್ಕಡಿ ಅಗಲದ ಕೌದಿಗೆ ಅರ್ಧ ಇಂಚಿಗೊಂದು ಸಾಲು ಎಂದರೆ ಸುಮಾರು 96 ಸಾಲು. ಇಂಚಿಗೆ ಮೂರು ಟಾಕಿಯಾದರೆ ಸಾಲಿಗೆ 216. ಒಟ್ಟು 20,736. ಮೊಮ್ಮಗಳ ಗುಣಾಕಾರದ ಪಾಠಕ್ಕೆ ಅದನ್ನೇ ಕೊಟ್ಟೆ. ಅವಳು ಉತ್ತರ ತಪ್ಪು ಮಾಡಿದಳು, ಆದರೆ "ಆಯಿ, ಅಷ್ಟು ಸಲ ಅಜ್ಜನ್ನ ನೆನಸ್ತಿ?" ಎಂದು ಕೇಳಿದಳು. ಇಲ್ಲ, ನಿಜ ಹೇಳಬೇಕೆಂದರೆ ಹೊಲಿಯುವಾಗ ನಾನು ಅವರನ್ನು ನೆನೆಯಲೇ ಇಲ್ಲ. ಸಾಲು ಸೊಟ್ಟ ಹೋಗದಿರಲಿ ಅಂತ ಮಾತ್ರ ನೋಡುತ್ತಿದ್ದೆ. ಒಂದು ಗಂಟೆ ಕಳೆದ ಮೇಲೆ, ಅಯ್ಯೋ, ಒಂದು ಗಂಟೆ ಆರಾಮಾಗಿದ್ದೆನಲ್ಲ ಎಂದು ಹೊಳೆಯುತ್ತಿತ್ತು. ಮೊದಮೊದಲು ಅದಕ್ಕೆ ನಾಚಿಕೆಪಟ್ಟೆ.

ಎರಡು ಅನಾಹುತವೂ ಆದವು. ಇಳಕಲ್ ಸೀರೆಯ ಕೆಂಪು ಸೆರಗನ್ನು ಬೇರೆ ನೆನೆಸದೆ ಹೊಲಿದುಬಿಟ್ಟಿದ್ದೆ. ಮೊದಲ ತೊಳೆತಕ್ಕೆ ಬಣ್ಣ ಬಿಟ್ಟು ಬಿಳಿ ಧೋತರವೆಲ್ಲ ಗುಲಾಬಿ. ಗಂಭೀರ ಮನುಷ್ಯ ಅವರು, ಗುಲಾಬಿ ಧೋತರದಲ್ಲಿ ನೆನೆಸಿಕೊಂಡು ನಾನೂ ಮಗನೂ ಹಿತ್ತಲಲ್ಲಿ ಹೊಟ್ಟೆ ಹಿಡಿದು ನಕ್ಕೆವು. ಇನ್ನೊಂದು, ರೊಟ್ಟಿಯದು. ಕೌದಿಯ ಕೊನೆಯ ಮೂಲೆ ಮುಚ್ಚುವ ಮುಂಚೆ ಒಳಗೆ ಒಂದು ಚೂರು ರೊಟ್ಟಿ ಇಡಬೇಕು, ಕೌದಿಯ ಹೊಟ್ಟೆ ಖಾಲಿ ಇರಬಾರದು ಎಂದು ನಮ್ಮವ್ವ ಹೇಳುತ್ತಿದ್ದಳು. ಇಟ್ಟೆ. ವಾರದಲ್ಲಿ ಇರುವೆ ಸಾಲು ಹಚ್ಚಿದವು. ಮೂಲೆ ಬಿಚ್ಚಿ, ರೊಟ್ಟಿ ತೆಗೆದು, ಐದು ಕಾಳು ಬಿಳಿಜೋಳ ಇಟ್ಟು ಮತ್ತೆ ಹೊಲಿದೆ.

ಮೂಲೆಯ ಬಗ್ಗೆ ಹೇಳುವಾಗ ಹಳಿಯಾಳದ್ದನ್ನು ಹೇಳದೆ ಹೋಗಲಾರೆ. ಅಲ್ಲಿ ಶಾಲೆಯಲ್ಲಿದ್ದ ಗೆಳತಿಯೊಬ್ಬಳ ಮನೆಯಲ್ಲಿ ಸಿದ್ದಿ ಹೆಂಗಸರು ಹೊಲಿದ ಕೌದಿ ನೋಡಿದ್ದೆ. ಅವರು ಅದಕ್ಕೆ ಕವಂದ ಎನ್ನುತ್ತಾರೆ. ಆಫ್ರಿಕಾ ಮೂಲದ ಈ ಜನ ಶತಮಾನಗಳಿಂದ ಹಳಿಯಾಳ, ಯಲ್ಲಾಪುರ, ಮುಂಡಗೋಡದ ಕಾಡಿನ ಅಂಚಿನಲ್ಲಿದ್ದಾರೆ. ಅವರ ಕೌದಿಯ ಬಣ್ಣಗಳು ಒಂದರ ಪಕ್ಕ ಒಂದು ನಿಂತು ಕೂಗಾಡುತ್ತವೆ, ನಮ್ಮ ಹಾಗೆ ತಗ್ಗಿದ ದನಿ ಇಲ್ಲ. ನಾಲ್ಕು ಮೂಲೆಗೂ ಬಟ್ಟೆಯನ್ನು ತ್ರಿಕೋನವಾಗಿ ಮಡಚಿ ಒಂದರ ಮೇಲೊಂದು ಕೂರಿಸಿದ 'ಫೂಲ'. ಹೂವಿಲ್ಲದ ಕವಂದ ಅವರ ಲೆಕ್ಕದಲ್ಲಿ ಮುಗಿದದ್ದೇ ಅಲ್ಲ. ಅಮೆರಿಕದ ಕಲಾ ಇತಿಹಾಸಕಾರ ಹೆನ್ರಿ ಡ್ರೂವಲ್ ಇವುಗಳ ಬಗ್ಗೆ ಬರೆದು, ಹೊರದೇಶಕ್ಕೆ ಒಯ್ದು ತೋರಿಸಿದ್ದಾರೆ. ನಾನು ತೋರಿಸಲಿಕ್ಕೆ ಹೋಗಲಿಲ್ಲ, ಕದ್ದೆ. ನನ್ನ ಈಗಿನ ಕೌದಿಗಳಿಗೆಲ್ಲ ಗುಳೇದಗುಡ್ಡ ಖಣದ ಹೂವಿನ ಮೂಲೆ ಇದೆ.

2022ರಲ್ಲಿ ಮಗಳಿಗೆ ಗಂಡುಮಗುವಾಯಿತು. ಬಾಣಂತನ ನನ್ನ ಮನೆಯಲ್ಲಿ. ಅಂಟಿನ ಉಂಡಿ ಕಟ್ಟಿದ್ದು ಎಷ್ಟೋ ವರ್ಷದ ಮೇಲೆ. ಅಂಟನ್ನು ತುಪ್ಪಕ್ಕೆ ಹಾಕುವ ಗಳಿಗೆ ನನಗೆ ಅಡುಗೆಯಲ್ಲೇ ಬಲು ಇಷ್ಟವಾದದ್ದು. ಕಲ್ಲುಸಕ್ಕರೆಯ ಚೂರಿನಂಥದ್ದು ಒಮ್ಮೆಲೇ ಅರಳಿ ಮಲ್ಲಿಗೆ ಮೊಗ್ಗಿನಷ್ಟಾಗುತ್ತದೆ. ತುಪ್ಪ ಹೆಚ್ಚು ಕಾದರೆ ಹೊರಗೆ ಕೆಂಪು, ಒಳಗೆ ಕಲ್ಲು; ಕಡಿಮೆ ಕಾದರೆ ಹಲ್ಲಿಗೆ ಮೆತ್ತುತ್ತದೆ. ಸ್ವಲ್ಪ ಸ್ವಲ್ಪವೇ ಹಾಕಬೇಕು. ಆಮೇಲೆ ಒಣಕೊಬ್ಬರಿ, ಉತ್ತತ್ತಿ, ಗಸಗಸೆ, ಬೆಲ್ಲದ ಪಾಕ. ಬಿಸಿ ಇರುವಾಗಲೇ ಕಟ್ಟಬೇಕು, ಅಂಗೈ ಕೆಂಪಾಗಬೇಕು.

ಕೂಸಿಗೆ ಖಣದ ಕುಂಚಿಗೆ ಹೊಲಿದೆ. ಹಾಸಲಿಕ್ಕೆ ಸಣ್ಣ ಕೌದಿಯನ್ನೂ. ಅದರ ಅಡಿಗೆ ಹಾಕಿದ್ದು ಉಳಿದ ಖಾಕಿ ಅಂಗಿ, ಸಾವಿರ ಸಲ ತೊಳೆದು ಬೆಣ್ಣೆಯಂತಾಗಿದ್ದು. ಅಂಗಿಯ ಎದೆಯ ಜೇಬು ಮಾತ್ರ ಬಿಚ್ಚಲು ಮನಸ್ಸಾಗಲಿಲ್ಲ. ಅದರಲ್ಲಿ ಅವರು ಯಾವಾಗಲೂ ಎರಡು ಯಾಲಕ್ಕಿ ಇಟ್ಟುಕೊಳ್ಳುತ್ತಿದ್ದರು, ವಸ್ತಿಯ ರಾತ್ರಿ ಬೀಡಿ ಸೇದುವ ಚಟ ಬಿಡಿಸಲಿಕ್ಕೆ ನಾನೇ ಹಾಕಿಕೊಟ್ಟ ಉಪಾಯ. ಜೇಬಿನ ಸುತ್ತ ಹೊಲಿಗೆ ಹಾಕಿ, ಬಾಯಿ ತೆರೆದೇ ಬಿಟ್ಟೆ.

ತೊಟ್ಟಿಲಿಗೆ ಹಾಕುವ ದಿನ ನಾದಿನಿ ಆ ಕೌದಿ ನೋಡಿದಳು. "ಸತ್ತವರ ಅರಿವಿ ಹಸಗೂಸಿಗೆ ಹಾಸ್ತಾರೇನ ವೈನಿ?" ಅಂದಳು. ಕೆಟ್ಟ ಮನಸ್ಸಿನವಳಲ್ಲ, ಅಣ್ಣ ಹೋದಾಗ ನನಗಿಂತ ಹೆಚ್ಚು ಅತ್ತವಳು. ಅವಳ ಮಾತಿನ ಹಿಂದೆ ಇನ್ನೊಂದು ಮಾತಿತ್ತು: ಹೊಲಿದ ಕೈ ಯಾವುದು ಎಂಬುದು. ತೊಟ್ಟಿಲಿನ ಹತ್ತಿರ ಮುತ್ತೈದೆಯರು ನಿಂತಿದ್ದರು, ನಾನು ಅಡುಗೆಮನೆಯ ಬಾಗಿಲಲ್ಲಿ. ನಾನಾಗಿಯೇ ಅಲ್ಲಿ ಹೋಗಿ ನಿಂತಿದ್ದೆ, ಯಾರೂ ಕಳಿಸಿರಲಿಲ್ಲ. ಆ ಬಾಗಿಲು ಕಾಲಿಗೆ ತಾನೇ ಗೊತ್ತಿರುತ್ತದೆ.

ಅದೇ ತಿಂಗಳು, ಮೇ, ಕೊಲ್ಲಾಪುರ ಜಿಲ್ಲೆಯ ಶಿರೋಳ ತಾಲ್ಲೂಕಿನ ಹೇರವಾಡ ಎಂಬ ಊರಿನ ಪಂಚಾಯಿತಿ ಒಂದು ಠರಾವು ಮಾಡಿತ್ತು. ಗಂಡ ಸತ್ತವಳ ಬಳೆ ಒಡೆಯುವುದು, ಕುಂಕುಮ ಅಳಿಸುವುದು, ತಾಳಿ, ಕಾಲುಂಗುರ ತೆಗೆಸುವುದು ಇನ್ನು ನಮ್ಮೂರಲ್ಲಿ ಬೇಡ ಎಂದು. ಮಹಾರಾಷ್ಟ್ರ ಸರ್ಕಾರವೂ ಇದೇ ದಾರಿ ಹಿಡಿಯಿರೆಂದು ಉಳಿದ ಪಂಚಾಯಿತಿಗಳಿಗೆ ಸುತ್ತೋಲೆ ಕಳಿಸಿತು. ಹೇರವಾಡ ನಮ್ಮ ಗಡಿಯಿಂದ ಕೂಗಳತೆ. ಸೊಸೆ ಆ ಸುದ್ದಿಯನ್ನು ಮೊಬೈಲಿನಲ್ಲಿ ಮರಾಠಿಯಲ್ಲೇ ಓದತೊಡಗಿದಳು, ತೊಟ್ಟಿಲ ಪಕ್ಕ ನಿಂತು, ಕೇಳಲಿ ಎಂಬಂತೆ. ಮಗಳು ಅಷ್ಟು ದೂರ ಹೋಗಲಿಲ್ಲ. "ಅತ್ತಿ, ಅದು ನಮ್ಮಪ್ಪನ ಅಂಗಿ. ಅಪ್ಪ ಇದ್ದಿದ್ರ ಕೂಸಿನ್ನ ಎದಿಮ್ಯಾಲೆ ಮಲಗಿಸ್ಕೊತಿದ್ದಿಲ್ಲೇನು?" ಎಂದು ಕೌದಿಯನ್ನು ಜೇಬು ಮೇಲೆ ಬರುವ ಹಾಗೆ ತಾನೇ ಹಾಸಿ, "ಅವ್ವಾ, ಬಾ, ನೀನ ಹಾಕು" ಅಂದಳು. ನಾದಿನಿ ಒಂದು ಕ್ಷಣ ಸುಮ್ಮನಿದ್ದು, ಮೂಗು ಒರೆಸಿಕೊಂಡು, ಪಕ್ಕಕ್ಕೆ ಸರಿದು ಜಾಗ ಕೊಟ್ಟಳು. ಆಮೇಲೆ ಊಟದಲ್ಲಿ ಹೋಳಿಗೆಗೆ ತುಪ್ಪ ಸಾಲದೆಂದು ನನ್ನನ್ನು ಬೈದಳು, ಅಲ್ಲಿಗೆ ಸರಿಹೋಯಿತು.

ಸತ್ತವರಿಗಾಗಿ ಹೊಲಿಯುವವಳು ನಾನೊಬ್ಬಳೇ ಅಲ್ಲ. ಅಮೆರಿಕದಲ್ಲಿ ಏಡ್ಸ್‌ನಿಂದ ಸತ್ತವರ ನೆನಪಿಗೆ ಅವರವರ ಮನೆಯವರು, ಗೆಳೆಯರು ಹೊಲಿದ ತುಂಡುಗಳನ್ನು ಜೋಡಿಸಿ 1987ರ ಅಕ್ಟೋಬರ್‌ನಲ್ಲಿ ವಾಷಿಂಗ್ಟನ್ನಿನ ಮೈದಾನದಲ್ಲಿ ಹಾಸಿದ್ದರೆಂದು ಮಗ ಒಮ್ಮೆ ಚಿತ್ರ ತೋರಿಸಿದ. ಮೊದಲ ಸಲವೇ 1,920 ತುಂಡು. ಒಂದೊಂದೂ ಮೂರಡಿಗೆ ಆರಡಿ, ಹೆಚ್ಚುಕಡಿಮೆ ಒಂದು ಸಮಾಧಿಯಷ್ಟು. ಆ ಅಳತೆ ನನ್ನನ್ನು ಬಹಳ ಹೊತ್ತು ಹಿಡಿದು ನಿಲ್ಲಿಸಿತು. ಲಿಂಗಾಯತರಾದ ನಾವು ಕೂಡಿಸಿ ಮಣ್ಣು ಮಾಡುವವರು, ನಮ್ಮ ಗುಂಡಿಗೆ ಆ ಉದ್ದ ಇಲ್ಲ. ಆರಡಿ ಉದ್ದ ಬಸ್ಸಿನ ಹಿಂದಿನ ಸೀಟಿನಲ್ಲಿ ಮಲಗುವ ಮನುಷ್ಯನದು.

ಈಗ ನಮ್ಮ ಕಟ್ಟೆಯ ಮೇಲೆ ಮಧ್ಯಾಹ್ನ ಮೂರಕ್ಕೆ ನಾಲ್ಕು ಜನ ಸೇರುತ್ತೇವೆ. ಒಬ್ಬರು ನಿವೃತ್ತ ನರ್ಸು, ಟಾಕಿ ಎಷ್ಟು ನೇರ ಎಂದರೆ ನಮಗೆಲ್ಲ ಹೊಟ್ಟೆಕಿಚ್ಚು. ಒಬ್ಬರಿಗೆ ಕಣ್ಣು ಮಂದ, ಅವರು ಸೂಜಿ ಪೋಣಿಸಲು ಮೊಮ್ಮಕ್ಕಳನ್ನು ಕರೆಯುತ್ತಾರೆ, ಪೋಣಿಸಿದವರಿಗೆ ಒಂದು ಶೇಂಗಾ ಉಂಡಿ. ಮೂರನೆಯವರು ಅಂದು ಅಕ್ಕಿ ಆರಿಸುತ್ತ ನನ್ನನ್ನು ನೋಡಿದ್ದರಲ್ಲ, ಎದುರಿನ ಮನೆಯವರು, ಅವರೇ. ಹೋದ ವರ್ಷ ಅವರ ಗಂಡನೂ ಹೋದರು. ತಿಂಗಳಾದ ಮೇಲೆ ಒಂದು ಗಂಟು ಲುಂಗಿ, ಬನಿಯನ್ ತಂದು ನನ್ನ ಮುಂದಿಟ್ಟು, "ಅಕ್ಕಾರ, ಇವು ಬರ್ತಾವೇನ್ರಿ?" ಅಂದರು. ಬನಿಯನ್ ಎಳೆದರೆ ಎಳೆಯುತ್ತದೆ, ಕೌದಿಗೆ ಬರುವುದಿಲ್ಲ. ಬರ್ತಾವ್ರಿ ಅಂದೆ. ನಡುವಿನ ಪದರಕ್ಕೆ ಹಾಕಿದರಾಯಿತು.

ರೊಟ್ಟಿಯ ಲೆಕ್ಕ ಈಗ ದಿನಕ್ಕೊಂದು ಥರ. ಮೊಮ್ಮಗಳು ರಜೆಗೆ ಬಂದರೆ ಹನ್ನೆರಡು, ಕಟ್ಟೆಯವರು ಸಂಜೆಗೆ ಉಳಿದರೆ ಎಂಟು, ಯಾರೂ ಇಲ್ಲದಿದ್ದರೆ ಮೂರು. ಎರಡರ ಬದಲು ಮೂರು ಯಾಕೆ ಎಂದು ನನ್ನನ್ನೇ ಕೇಳಿಕೊಂಡಿಲ್ಲ. ಆರಾಗುವ ದಿನಗಳೂ ಇವೆ, ಸುಳ್ಳು ಯಾಕೆ ಹೇಳಲಿ. ಮಳೆ ಹಿಡಿದ ಶ್ರಾವಣದಲ್ಲಿ ಹೆಚ್ಚು.

ಮಗಳ ಮಗನಿಗೆ ಈಗ ನಡೆದಾಡುವ, ಅಡಗಿಸಿಡುವ ವಯಸ್ಸು. ಕಾಲು ಹೊರಗೆ ಬಂದರೂ ಆ ಸಣ್ಣ ಕೌದಿಯೇ ಬೇಕು. ಹೋದ ಪಂಚಮಿಗೆ ಬಂದಿದ್ದಾಗ ಅದನ್ನು ತೊಳೆಯಲೆಂದು ಎತ್ತಿಕೊಂಡೆ. ಜೇಬು ಉಬ್ಬಿತ್ತು. ಕೈ ಹಾಕಿದರೆ ಅರ್ಧ ತಿಂದ ಎಳ್ಳುಂಡಿ, ಒಂದು ಮುರಿದ ಕ್ರೇಯಾನ್, ಒಂದು ಹಿಡಿ ಶೇಂಗಾ ಸಿಪ್ಪೆ. ಕಲ್ಲಿನ ಮೇಲೆ ಸುರುವಿ ಜೇಬು ಒಳಹೊರಗು ಮಾಡಿ ಝಾಡಿಸಿದೆ. ಹಿಂದಿನಿಂದ ಓಡಿ ಬಂದು ಸೀರೆ ಹಿಡಿದು ಎಳೆದ, "ಆಯಿ, ಅದು ನಂದು" ಅಂತ. ಎಳ್ಳುಂಡಿ ತೊಳೆದು ಅವನ ಕೈಗೆ ಕೊಟ್ಟೆ. ಒಳಗೆ ಹೋಗಿ ಡಬ್ಬಿಯಿಂದ ಎರಡು ಯಾಲಕ್ಕಿ ತಂದು, ಕೌದಿ ಒಣಗಿದ ಮೇಲೆ ಹಾಕಲೆಂದು, ಕಿಟಕಿಯ ಕಟ್ಟೆಯ ಮೇಲಿಟ್ಟೆ.